ಹಾರ್ನ್ ಇಲ್ಲದ ಗಾಡಿ

ಬಸ್ ಕಂಡಕ್ಟರನಾದವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಬಂದು ಬಸ್ ಹತ್ತುತ್ತದೆ, ಟಿಕೆಟ್ ಕೂಡ ತೆಗೆಸುವುದಿಲ್ಲ.

ತೊಂಬತ್ತರ ದಶಕದ ಮಾತು. ಸಿಂಧನೂರಿನಿಂದ ಮಸ್ಕಿ ಮೇಲೆ ಹಾದು ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ನನ್ನ ಡ್ರೈವರ್ ನನಗಿಂತ ಹದಿನೈದು ವರ್ಷ ದೊಡ್ಡವರು, ಅವರನ್ನು ನಾನು ಅಣ್ಣಾ ಎನ್ನುತ್ತಿದ್ದೆ. ಅಷ್ಟು ವರ್ಷದ ನೌಕರಿಯಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿದವರಲ್ಲ. ಅಂಥವರ ಹೆಂಡತಿಯ ತಮ್ಮ ಸೌದಿಯಿಂದ ರಜೆಗೆ ಬಂದಾಗ ಅಕ್ಕನ ಮಕ್ಕಳಿಗೆಂದು ಅಂಗೈಯಗಲದ ಒಂದು ವಿಡಿಯೋ ಗೇಮ್ ತಂದುಕೊಟ್ಟ. ಅದರ ಬೆಂಕಿಪೊಟ್ಟಣದಷ್ಟು ಗಾಜಿನೊಳಗೆ ಇರುವೆಯಷ್ಟು ಒಂದು ಕಾರು. ಗುಡ್ಡ, ಮರಳು, ಮಂಜು ಎಲ್ಲ ದಾಟಿ ಅದು ಹೇಳಿದ ಟೈಮಿನೊಳಗೆ ಮುಟ್ಟಬೇಕು. ರ‍್ಯಾಲಿ ಅಂತೆ.

"ಮನ್ಯಾಗ ಇಟ್ರ ಹುಡುಗ್ರು ಓದಂಗಿಲ್ಲ" ಎಂದು ಅಣ್ಣ ಅದನ್ನು ಕಿತ್ತುಕೊಂಡು ಬುತ್ತಿ ಚೀಲದಲ್ಲಿ ಹಾಕಿಕೊಂಡು ಡ್ಯೂಟಿಗೆ ತಂದರು. ಅವತ್ತಿನಿಂದ ಅಣ್ಣ ಬಿಡುವಿನಲ್ಲಿ ನನ್ನಿಂದ ಪೇಪರ್ ಓದಿಸಿಕೊಳ್ಳುವುದು ಬಿಟ್ಟರು.

೧. ಕುಂಯ್ ಎನ್ನುವ ಚೀಲ

ತಂದ ಮೊದಲ ದಿನವೇ ಇದು ನಡೆದದ್ದು. ಅಣ್ಣ ಬುತ್ತಿ ಚೀಲವನ್ನು ಮುಂದಿನ ಸೀಟಿನ ಕೆಳಗೆ ತಳ್ಳಿ ಗಾಡಿ ಬಿಟ್ಟರು. ಹುಡುಗರು ಆಡುತ್ತಿದ್ದಾಗಲೇ ಕಿತ್ತುಕೊಂಡದ್ದು, ಗೇಮ್ ಬಂದ್ ಮಾಡಿರಲಿಲ್ಲ. ಸಿಂಧನೂರು ದಾಟಿ ಕಾಲುವೆ ಪಕ್ಕದ ರಸ್ತೆಗೆ ಬರುವಷ್ಟರಲ್ಲಿ ಚೀಲ ಕುಂಯ್ ಕುಂಯ್ ಎನ್ನತೊಡಗಿತು.

ಬಸ್ಸಿನಲ್ಲೊಬ್ಬರು ಮಾಸ್ತರರಿದ್ದರು. ಚೀಲ ನೋಡಿದರು, ಕಿಟಕಿಯ ಮೇಲೆ ಬರೆದಿದ್ದ "ಅಪರಿಚಿತ ವಸ್ತುಗಳನ್ನು ಮುಟ್ಟಬೇಡಿ" ಎಂಬುದನ್ನು ಗಟ್ಟಿಯಾಗಿ ಓದಿದರು, ಆಮೇಲೆ "ಬಾಂಬ್!" ಎಂದರು.

ಬಸ್ಸು ನಿಂತದ್ದೊಂದೇ ಗೊತ್ತು. ಬಾಗಿಲಿನಿಂದ ಇಳಿದವರು ಕೆಲವರು, ಕಿಟಕಿಯಿಂದ ಇಳಿದವರು ಹಲವರು. ಎಲ್ಲರಿಗಿಂತ ಮುಂದೆ ಓಡಿದವರು ಅಣ್ಣ. ಭತ್ತದ ಗದ್ದೆಯ ಕೆಸರಿನಲ್ಲಿ ಮೊಣಕಾಲತನಕ ಹೂತು ನಿಂತಿದ್ದರು. ಮಸ್ಕಿ ಸಂತೆಗೆ ಬದನೆಕಾಯಿ ಬುಟ್ಟಿ ಒಯ್ಯುತ್ತಿದ್ದ ಅಜ್ಜಿಯೊಬ್ಬಳು ಮಾತ್ರ ಮುಂದಿನ ಸೀಟಿನಲ್ಲಿ, ಅಂದರೆ ಆ ಚೀಲದ ಮೇಲೆಯೇ, ಕೂತಿದ್ದಳು.

"ಎಬೇ, ಬಾಂಬ್ ಐತಿ, ಇಳಿಯಬೇ!" ಎಂದು ನಾನು ರಸ್ತೆಯಿಂದ ಕೂಗಿದೆ.

"ನಾ ಇಳದ ಮ್ಯಾಲ ನೀ ಬಂದು ಸೀಟು ಹಿಡಿತೀ ಏನು?" ಎಂದಳು.

ಅಷ್ಟರಲ್ಲಿ ಗದ್ದೆಯಿಂದ ಅಣ್ಣನ ದನಿ ಬಂತು. "ಲೇ, ಅದು ನನ್ನ ಬುತ್ತಿ ಚೀಲ ಅಲ್ಲೇನಲೇ?"

ಕೆಸರುಗಾಲಿನಲ್ಲೇ ಬಂದು ಚೀಲ ಬಿಚ್ಚಿ ಎಲ್ಲರಿಗೂ ಗೇಮ್ ತೋರಿಸಿದರು. ಮಂದಿ ಬೈದುಕೊಳ್ಳುತ್ತ ಹತ್ತಿದರು. ಆ ಹೊತ್ತಿಗೆ ಅಜ್ಜಿ ಮೂರು ಮಂದಿಯ ಸೀಟಿನ ಮೇಲೆ ಕಾಲು ಚಾಚಿ ಮಲಗಿದ್ದಳು. ಎಬ್ಬಿಸಿದರೆ ಬೇಜಾರಾಗಿ ನನಗೆ ಹೇಳಿದಳು: "ಮತ್ಯಾವಾಗರ ಬಾಂಬ್ ಇಡೂದಿದ್ರ ಮೊದ್ಲ ಹೇಳಪಾ, ಅದ ಬಸ್ಸಿಗೆ ಬರ್ತೀನಿ."

೨. ಚೆಕ್‌ಪೋಸ್ಟ್

ಲಿಂಗಸುಗೂರು ಸ್ಟ್ಯಾಂಡಿನಲ್ಲಿ ನಮಗೆ ಊಟದ ಬಿಡುವು. ಬೇವಿನ ಗಿಡದ ಕೆಳಗೆ ಕೂತು ಅಣ್ಣ ಮೊದಲ ಸಲ ಕಾರು ಬಿಟ್ಟರು. ಹಿಂದಿನಿಂದ ಬೇರೆ ಕಾರುಗಳು ಜುಂಯ್ ಎಂದು ಬಂದವು. ಅಣ್ಣ ಬಲಗೈ ಹೊರಗೆ ಚಾಚಿ "ಹೋಗ್ರಿ, ಹೋಗ್ರಿ" ಎಂದು ಸೈಡ್ ಕೊಟ್ಟರು. ಗೇಮಿನೊಳಗಿನವರು ಎಲ್ಲರೂ ಹೋದರು.

ಸ್ವಲ್ಪ ದೂರದಲ್ಲಿ ರಸ್ತೆಗೆ ಅಡ್ಡ ಒಂದು ಬಾವುಟದ ಸಾಲು ಬಂತು. ಅದರೊಳಗೆ ಜೋರಾಗಿ ನುಗ್ಗಿದರೆ ಇನ್ನಷ್ಟು ಟೈಮ್ ಕೊಡುತ್ತದೆ. ಅಣ್ಣ ಗಪ್ಪನೆ ಬ್ರೇಕ್ ಒತ್ತಿ ಅದರ ಮುಂದೆ ನಿಲ್ಲಿಸಿದರು.

"ಅಣ್ಣಾ, ಯಾಕ ನಿಂದ್ರಿಸಿದ್ರಿ? ಹೊಡೀರಿ, ಹೊಡೀರಿ!"

"ಚೆಕ್‌ಪೋಸ್ಟ್ ಐತಲೇ. ಕಾಗದ ನೋಡಾಕ ಯಾರರ ಬರಲಿ."

ಯಾರೂ ಬರಲಿಲ್ಲ. ಟೈಮ್ ಮುಗಿದು ಕಾರು ಅಲ್ಲೇ ಮಾಯವಾಯಿತು. ಎರಡನೆಯ ಸಲ ಬಿಟ್ಟಾಗ ತಿರುವಿನಲ್ಲಿ ಅವರ ಹೆಬ್ಬೆರಳು ಗೇಮಿನ ತುಂಬ ಏನೋ ಹುಡುಕತೊಡಗಿತು. ಇದ್ದ ಗುಂಡಿಯನ್ನೆಲ್ಲ ಒತ್ತಿದರು, ತಿರುಗಿಸಿ ಬೆನ್ನು ನೋಡಿದರು, ಕಾರು ಹೋಗಿ ಬಂಡೆಗೆ ಬಡಿಯಿತು.

"ಏನು ಹುಡುಕಾಕತ್ತೀರಿ ಅಣ್ಣಾ?"

"ಇದಕ್ಕ ಹಾರ್ನ್ ಎಲ್ಲೈತಿ?"

"ಇದಕ್ಕ ಹಾರ್ನ್ ಇಲ್ರಿ."

ಅಣ್ಣ ಅದನ್ನು ನನ್ನ ಕೈಗಿಟ್ಟು ಎದ್ದರು. "ಬ್ರೇಕ್ ಇಲ್ಲದ ಬಸ್ಸು ಹೊಡದೀನಿ, ಲೈಟ್ ಇಲ್ಲದ್ದು ಹೊಡದೀನಿ. ಹಾರ್ನ್ ಇಲ್ಲದ ಗಾಡಿ ನನ್ನ ಕೈಲೆ ಆಗಂಗಿಲ್ಲಪಾ."

೩. ರೈಟ್ ರೈಟ್

ಮರುದಿನ ಮತ್ತೆ ಹಿಡಿದರು ಅನ್ನಿ. ಆದರೆ ಅಣ್ಣನಿಗೆ ದೂರದ್ದು ಹದ್ದಿನ ಹಾಗೆ ಕಾಣುತ್ತಿತ್ತು, ಹತ್ತಿರದ್ದು ಮಬ್ಬು. ಮುಂದೆ ಯಾವ ತಿರುವು ಬರುತ್ತದೆಂದು ಗಾಜಿನ ಮೇಲ್ತುದಿಯಲ್ಲಿ ಸಣ್ಣ ಬಾಣ ಮೂಡುತ್ತಿತ್ತು, ಅದು ಅವರಿಗೆ ಕಾಣುತ್ತಿರಲಿಲ್ಲ. ಹೀಗಾಗಿ ನಾನು ಪಕ್ಕದಲ್ಲಿ ಕೂತು ಬಾಣ ನೋಡಿ ಹೇಳಬೇಕು, ಅವರು ಗಾಡಿ ಹೊಡೆಯಬೇಕು ಎಂದಾಯಿತು.

ಗುಡ್ಡದ ರಸ್ತೆ. ಬಲಕ್ಕೆ ದೊಡ್ಡ ತಿರುವಿನ ಬಾಣ ಬಂತು. ನಾನು "ರೈಟ್, ರೈಟ್!" ಎಂದೆ. ಅಣ್ಣ ಪೂರ್ತಿ ಎಕ್ಸಲೇಟರ್ ಒತ್ತಿ ಸೀದಾ ಹೊಡೆದರು. ಕಾರು ಕಮರಿಗೆ ಬಿತ್ತು.

"ರೈಟ್ ಅಂದ್ನಲ್ಲ ಅಣ್ಣಾ!"

"ಅಂದಿ, ಅದಕ್ಕ ಬಿಟ್ಟೆ."

"ರೈಟ್ ಅಂದ್ರ ಬಲಕ್ಕ!"

"ಲೇ, ಇಷ್ಟು ವರ್ಷದಾಗ ಯಾವ ಕಂಡಕ್ಟರ್ ರೈಟ್ ಅಂದಾಗ ನಾ ಬಲಕ್ಕ ಹೊಳ್ಳಿಸೀನಿ ಹೇಳು?"

ಮಾತು ಬರೋಬ್ಬರಿ ಇತ್ತು. ಇನ್ನು ಮುಂದೆ ಎಡಕ್ಕ, ಬಲಕ್ಕ ಎಂದೇ ಹೇಳುವುದೆಂದು ಠರಾವಾಯಿತು. ಒಂದು ವಾರ ಬಿಡುವಿದ್ದಾಗಲೆಲ್ಲ ಅದನ್ನೇ ಕೂಗಿ ಕೂಗಿ ನನ್ನ ನಾಲಿಗೆ ಅದಕ್ಕೇ ಹೊಂದಿಕೊಂಡಿತು. ಒಂದು ದಿನ ಮಸ್ಕಿ ಸ್ಟ್ಯಾಂಡಿನಲ್ಲಿ ಮಂದಿ ಹತ್ತಿದರು, ನಾನು ಬಾಗಿಲು ಎಳೆದುಕೊಂಡು, ರೈಟ್ ಎನ್ನುವ ಬದಲು "ಬಲಕ್ಕ!" ಎಂದುಬಿಟ್ಟೆ.

ಅಣ್ಣನ ಕೈಗೂ ವಾರದ ರೂಢಿ. ತುಂಬಿದ ಬಸ್ಸು ಗರ್ರನೆ ಬಲಕ್ಕೆ ಹೊರಳಿ, ಮಿರ್ಚಿ ಭಜಿ ಅಂಗಡಿಯ ಮುಂದೆ, ಕುದಿಯುವ ಎಣ್ಣೆ ಬಾಣಲೆಯಿಂದ ಗೇಣು ದೂರದಲ್ಲಿ ನಿಂತಿತು. ಒಳಗಿನ ಮಂದಿ ಒಬ್ಬರ ಮೇಲೊಬ್ಬರು ಬಿದ್ದರು. ಅಂಗಡಿಯವನು ಮಾತ್ರ ಭಜಿ ತೆಗೆಯುವ ಜಾರಿ ಹಿಡಿದುಕೊಂಡೇ ತಲೆಯೆತ್ತಿ ಬಸ್ಸನ್ನು ಈ ತುದಿಯಿಂದ ಆ ತುದಿಯತನಕ ನೋಡಿ ಕೇಳಿದ: "ಎಲ್ಲಾರಿಗೂ ಒಂದೊಂದು ಪ್ಲೇಟ್ ಏನ್ರಿ?"

೪. ಉಳಿದ ಜೀವ

ಇದು ಅಣ್ಣ ಆಟದಲ್ಲಿ ಪಳಗಿದ ಮೇಲಿನದು. ಲಿಂಗಸುಗೂರಿನಿಂದ ವಾಪಸ್ ಬರುವಾಗ ಮಸ್ಕಿಯಲ್ಲಿ ಟೈರ್ ಪಂಕ್ಚರ್ ಆಯಿತು. ಸ್ಟೆಪ್ನಿಯೂ ಪಂಕ್ಚರ್. ಎರಡನ್ನೂ ಅಂಗಡಿಗೆ ಕಳಿಸಿ, ಮಂದಿಯನ್ನು ನೆರಳಿಗೆ ಕೂಡಿಸಿ, ನಾವಿಬ್ಬರೂ ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಯಲ್ಲಿ ಕೂತೆವು. ಕಂಟ್ರೋಲರ್ ಊಟಕ್ಕೆ ಹೋಗಿದ್ದರು. ಬಿಸಿಗಾಳಿ ಬರುತ್ತದೆಂದು ಬಾಗಿಲು ಮುಂದಕ್ಕೆ ಎಳೆದುಕೊಂಡೆವು.

ಆ ಆಟದಲ್ಲಿ ಮೂರು ಜೀವ. ಕಾರು ಪಲ್ಟಿಯಾದರೆ ಒಂದು ಹೋಗುತ್ತದೆ, ಮತ್ತೆ ಬಿಡಬಹುದು. ಅವತ್ತು ಮಂಜಿನ ರಸ್ತೆ, ಕಾರು ಜಾರುತ್ತಿತ್ತು. ಅಣ್ಣ ಕುರ್ಚಿಯ ಮೇಲೆ ಅತ್ತಿತ್ತ ವಾಲುತ್ತ ಕೂಗುತ್ತಿದ್ದರು: "ಅಯ್ಯಯ್ಯೋ, ಗಾಡಿ ಪಲ್ಟಿ ಆತಲೇ! ಎರಡು ಜೀವ ಹೋದುವು! ಇನ್ನ ಒಂದ ಉಳದೈತಿ!"

ಇದೇ ಹೊತ್ತಿಗೆ ಚಹಾದಂಗಡಿಯವನು ನಮಗೆ ಚಹಾ ಹಿಡಿದು ಕಿಟಕಿಯ ಹೊರಗೆ ಬಂದಿದ್ದ. ಆ ಕೋಣೆಯಲ್ಲಿ ಫೋನ್ ಇದ್ದದ್ದು ಅವನಿಗೆ ಗೊತ್ತು. ಎಲ್ಲೋ ಬಸ್ಸು ಬಿದ್ದ ಸುದ್ದಿ ಬಂದಿದೆ ಎಂದುಕೊಂಡು ಎಸ್‌ಟಿಡಿ ಬೂತಿಗೆ ಓಡಿ, ಸಿಂಧನೂರಿನ ತನ್ನ ಷಡ್ಡಕನಿಗೆ ಹೇಳಿದ. ಷಡ್ಡಕನ ಮನೆ ಅಣ್ಣನ ಓಣಿಯಲ್ಲೇ. ಮಸ್ಕಿಯಿಂದ ಬಂದ ಸುದ್ದಿ ಎಂದಮೇಲೆ ಮಸ್ಕಿ ಬಸ್ಸೇ ಪಲ್ಟಿಯಾಗಿದೆ, ಇಬ್ಬರು ಹೋದರು, ಒಬ್ಬರದು ಇನ್ನೇನು ಹೋಗುತ್ತದೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿತು.

ನಮಗೆ ಇದಾವುದೂ ಗೊತ್ತಿಲ್ಲ. ಟೈರ್ ಇನ್ನೂ ಬಂದಿರಲಿಲ್ಲ, ಅಣ್ಣ ಹೊಸದಾಗಿ ಶುರು ಮಾಡಿ ಮತ್ತೆ ಎರಡು ಜೀವ ಕಳೆದುಕೊಂಡಿದ್ದರು. ಹೊರಗೆ ಟೆಂಪೋ ನಿಂತ ಸದ್ದು, ಹೆಂಗಸರ ಅಳು ಕೇಳಿತು. ಬಾಗಿಲು ಧಡಾರನೆ ತೆರೆಯಿತು. ಅಣ್ಣನ ಹೆಂಡತಿ, ನನಗೆ ಅಕ್ಕ! ಕೈತುಂಬ ಜೋಳದ ಹಿಟ್ಟು, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ, ಹಿಂದೆ ಓಣಿಯ ನಾಲ್ಕು ಹೆಂಗಸರು.

"ಎಲ್ಲಿ ಮಲಗಿಸ್ಯಾರ? ಒಂದ್ಸಲ ಮಕಾ ತೋರಸ್ರೀ!"

ಅಣ್ಣ ತಲೆ ಎತ್ತಲಿಲ್ಲ. "ತಡೀ, ಇನ್ನ ಒಂದ ಜೀವ ಐತಿ."

ಅಕ್ಕನ ಅಳು ಗಕ್ಕನೆ ನಿಂತಿತು. "ಎರಡು ಹೋದುವಂತಲ್ಲ, ಯಾರವು?"

"ಎರಡೂ ನನ್ನವ" ಎಂದರು ಅಣ್ಣ. ಆಮೇಲೆ ದನಿಯ ಗುರುತು ಹತ್ತಿ ತಲೆಯೆತ್ತಿದರು.

ನಾನೇ ನಡುವೆ ಬಿದ್ದು ಎಲ್ಲ ಬಿಡಿಸಿ ಹೇಳಿದೆ. ಅಕ್ಕ ಗೇಮ್ ಕಸಿದುಕೊಂಡು ಅಂಗಾತ ಬಿದ್ದಿದ್ದ ಇರುವೆಯಂಥ ಕಾರನ್ನು ನೋಡಿದಳು. ಗೋಡೆಗೆ ಕುಸಿದು ಕೂತು ಮತ್ತೆ ಅತ್ತಳು, ಅಳುತ್ತಲೇ ನಕ್ಕಳು, ನಗುತ್ತಲೇ ಹಿಟ್ಟಿನ ಕೈಯಿಂದ ಗಂಡನ ಬೆನ್ನಿಗೊಂದು ಬಾರಿಸಿದಳು. ಖಾಕಿ ಅಂಗಿಯ ಮೇಲೆ ಐದು ಬೆರಳೂ ಬಿಳಿಯಾಗಿ ಮೂಡಿದವು. ಅಣ್ಣ ಅವಳ ಚಪ್ಪಲಿಗಳನ್ನೇ ನೋಡುತ್ತ, "ಇಷ್ಟು ಹೆದರ್ತಿ ಅಂತ ಮಾಲೂಮ ಇರಲಿಲ್ಲ" ಎಂದಷ್ಟೇ ಮೆಲ್ಲಗೆ ಹೇಳಿದರು.

ಅಷ್ಟರಲ್ಲಿ ಟೈರ್ ಬಂತು, ಮಂದಿ ಹತ್ತಿ ಕೂತರು. ಅಣ್ಣ ತಮ್ಮ ಟವೆಲ್ಲಿನಿಂದಲೇ ಮುಂದಿನ ಸೀಟು ಒರೆಸಿ ಹೆಂಡತಿಯನ್ನು ಕರೆದರು. "ಹತ್ತು ಬಾ, ಸಿಂಧನೂರಿಗೇ ಹೊಂಟೀನಿ. ಮನೀಗಿ ಬಿಡ್ತೀನಿ."

ಅಕ್ಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. "ಇವತ್ತು ಎಷ್ಟು ಸಲ ಪಲ್ಟಿ ಮಾಡಿದ್ರಿ?"

ಅಣ್ಣ ಸುಳ್ಳು ಹೇಳುವವರಲ್ಲ. "ಮುಂಜಾನಿಂದ ಎಷ್ಟೋ ಆದವು, ಲೆಕ್ಕ ಹಿಡದಿಲ್ಲ."

ಅಕ್ಕ ಇಟ್ಟ ಕಾಲು ತೆಗೆದಳು. "ಬರ್ರವಾ, ಟೆಂಪೋದಾಗ ಹೋಗೂನು" ಎಂದು ಓಣಿಯವರನ್ನು ಕರೆದುಕೊಂಡು ನಡೆದೇಬಿಟ್ಟಳು.

ಬಸ್ಸಿನಲ್ಲಿ ಗುಜುಗುಜು ಎದ್ದಿತು. ಬಾಗಿಲ ಹತ್ತಿರದ ಸೀಟಿನ ರೈತನೊಬ್ಬ ಗಂಟು ಹೆಗಲಿಗೇರಿಸಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಇಡೀ ಸಾಲು. ನಾನು ಬಾಗಿಲಿಗೆ ಅಡ್ಡ ನಿಂತು, "ಯಾಕ್ರೀ, ಟೈರ್ ಬರೋಬ್ಬರಿ ಆಗ್ಯಾವ, ಕೂಡ್ರಿ!" ಎಂದು ಕೈಮುಗಿದೆ.

ರೈತ ನನ್ನನ್ನು ಪಕ್ಕಕ್ಕೆ ಸರಿಸುತ್ತ ಹೇಳಿದ: "ಅಲ್ಲಪಾ, ಕಟ್ಟಿಗೊಂಡ ಹೇಣ್ತಿನ ಹತ್ತವಲ್ಲಳು. ಬರೇ ಟಿಕೆಟ್ ತಗೊಂಡ ನಾವ್ಯಾಕ ಹತ್ತೂನು?"