ಹತ್ತು ಮಂದಿ ಕೂಡದೆ ಬಾಯಿ ತೆರೆಯದ ಶೀಶೆಯವರಿಗೆ

ಮಾನ್ಯ ಲಸಿಕೆ ಶೀಶೆಯವರೇ,

ರಾಯಚೂರಿನ ಉಗ್ರಾಣದ ತಂಪಿನಲ್ಲಿ ವಾಸವಾಗಿದ್ದು, ಐಸ್ ಡಬ್ಬಿಯ ಹೊರತು ಬೇರೆ ವಾಹನ ಏರದ ತಮಗೆ ಮಾನವಿ ತಾಲೂಕು ಕಲ್ಲೂರಿನ ಶಿವಗಂಗಾ ಮಾಡುವ ಶರಣು ಶರಣಾರ್ಥಿ. ತಮಗೆ ಪಾದಗಳಿಲ್ಲವಾದ್ದರಿಂದ ರಬ್ಬರ್ ಬಿರಡೆಗೇ ಕೈಮುಗಿದಿದ್ದೇನೆ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ನಾವೆಲ್ಲ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುವ ಈ ಜಿಲ್ಲೆಯಲ್ಲಿ ಒಮ್ಮೆಯೂ ಬೆವರದ ತಮಗೆ ಸಿಗುವ ಉಪಚಾರ ನಮ್ಮೂರಿನಲ್ಲಿ ಹೊಸ ಬೀಗರಿಗೂ ಸಿಕ್ಕಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಅತ್ತೆ ವೀರಭದ್ರಮ್ಮನವರಿಗೆ ದಮ್ಮಿನ ಕಾಯಿಲೆ. ಹೋದ ಚಳಿಗಾಲದಲ್ಲಿ ಫ್ಲೂ ಜ್ವರ ಎದೆಗಿಳಿದು, ರಾಯಚೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಸಿಕೊಂಡು ಮಲಗಿದ್ದರು. ಅವರು ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತ ಪಕ್ಕದಲ್ಲಿ ಕೂತಿದ್ದ ನನ್ನ ಭಯ ಇನ್ನೂ ಹೋಗಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು, ಮುಂದಿನ ಸಲ ಚಳಿ ಬೀಳುವ ಮೊದಲೇ ಲಸಿಕೆ ಹಾಕಿಸಿ, ಇನ್ನೊಮ್ಮೆ ಹೀಗಾದರೆ ಕಷ್ಟ ಎಂದಿದ್ದರು. ಆದ್ದರಿಂದಲೇ ತಮ್ಮ ದರ್ಶನಕ್ಕೆಂದು ನಮ್ಮೂರ ಆರೋಗ್ಯ ಕೇಂದ್ರಕ್ಕೆ ಬಂದೆ.

ಬಂದಾಗ ನಮ್ಮೂರ ನರ್ಸ್ ಸೂಫಿಯಾ ಅವರು ತಮ್ಮ ಶಿಸ್ತನ್ನು ತಿಳಿಸಿದರು. “ಈ ಸಲ ಮಾಲು ಭಾಳ ಕಮ್ಮಿ ಬಂದದ ಅಕ್ಕಾ. ಒಂದು ಶೀಶೆದಾಗ ಹತ್ತು ಮಂದಿಗೆ ಆಗ್ತದ, ಒಮ್ಮೆ ತಗದ್ರ ಅವತ್ತೇ ಮುಗಸಬೇಕು. ಹತ್ತು ಮಂದಿ ಕೂಡಿಸ್ಕೊಂಡು ಬರ್ರಿ.” ಎಂಥ ಗಾಂಭೀರ್ಯ! ನಮ್ಮೂರಿನ ಎಷ್ಟೋ ಸಭೆಗಳು ಇದಕ್ಕಿಂತ ಕಡಿಮೆ ಮಂದಿಯಲ್ಲಿ ಮುಗಿದು, ಉಪ್ಪಿಟ್ಟೂ ಹಂಚಿಕೆಯಾಗಿದೆ. ನಾನು ಓಣಿ ಓಣಿ ತಿರುಗಿದರೆ, “ಮೊದಲ ಅವರು ಹಾಕಿಸ್ಕೊಳ್ಳಲಿ, ನೋಡೂಣು” ಎಂದು ಎಲ್ಲರೂ ಎಲ್ಲರಿಗೂ ಮರ್ಯಾದೆ ಕೊಟ್ಟರು. ಅಷ್ಟರಲ್ಲಿ ದೇವದುರ್ಗದ ಕಡೆ ಮಸರಕಲ್‌ನಲ್ಲಿ ಹತ್ತು ಮಂದಿ ಸಿಕ್ಕಿದ್ದಾರೆಂದು ತಮ್ಮನ್ನು ಅಲ್ಲಿಗೆ ಕರೆದೊಯ್ದರು. ಅಲ್ಲಿಯವರು ಹತ್ತಿ ಬಿಡಿಸಲು ಹೊಲಕ್ಕೆ ಹೋಗಿಬಿಟ್ಟಿದ್ದರಿಂದ ತಾವು ಹಾಗೆಯೇ ವಾಪಸು ಬಂದಿರಿ. ಎರಡು ತಾಲೂಕು ಸುತ್ತಿಯೂ ಬಾಯಿ ಬಿಡದ ತಮ್ಮಷ್ಟು ಗಟ್ಟಿ ಮನಸ್ಸಿನವರನ್ನು ನಾನು ಕಂಡಿಲ್ಲ.

ಕೊನೆಗೆ ನನ್ನ ಗಂಡ ಕೊಟ್ರೇಶನೇ ತಲೆ ಓಡಿಸಿದ. ಅವನದು ಬಸ್‌ಸ್ಟ್ಯಾಂಡ್ ಹತ್ತಿರ ಚಹಾದ ಹೋಟೆಲು. ಬೆಳಿಗ್ಗೆ ಚಹಾ ಸೋಸುತ್ತ, ಯಾರಿಗೂ ಕೇಳಬಾರದೆಂಬಂತೆ ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ, “ಲಸಿಕಿ ಖಾಲಿ ಆಗ್ಯಾದಂತ. ದೊಡ್ಡ ಮಂದಿಗಂತ ಒಂದೇ ಶೀಶೆ ಇಟ್ಟಾರಂತ” ಎಂದ. ಕಪ್ಪಿನ ಚಹಾ ಆರುವ ಮೊದಲೇ ಊರು ತಮ್ಮ ಬಾಗಿಲಿಗೆ ಓಡಿತು. ನಿನ್ನೆ ಬೇಡ ಎಂದವರು ಇವತ್ತು ಯಾರ್‍ಯಾರಿಂದಲೋ ಫೋನು ಮಾಡಿಸಿದರು. ಅಕ್ಕಿ ಗಿರಣಿಯ ಅಂಬರೀಶಪ್ಪನವರು, ಈಗಲೂ ಒಂದು ಚೀಲ ಭತ್ತವನ್ನು ಒಬ್ಬರೇ ಎತ್ತುವವರು, ಆಗಷ್ಟೇ ಕಲಿತ ಕೆಮ್ಮೊಂದನ್ನು ಕೆಮ್ಮುತ್ತ ಬಂದು ನಿಂತರು.

ಆ ಹೊತ್ತಿಗೆ ನನ್ನ ಅತ್ತೆ ಲಿಂಗಪೂಜೆಗೆ ಕೂತಿದ್ದರು. ಎಬ್ಬಿಸಲು ಹೋದವಳಿಗೆ, “ಪೂಜಿ ಆಗದ ಬಾಯಾಗ ನೀರು ಹಾಕಂಗಿಲ್ಲ ನಾ, ಮೈಯಾಗ ಸೂಜಿ ಹೆಂಗ ಹಾಕಿಸ್ಕೊಳ್ಳಲಿ?” ಎಂದು ಕಣ್ಣು ಮುಚ್ಚಿದರು. ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅವರನ್ನು ಕರೆತಂದೆ. ತಾವು ಬರಿದಾಗಿದ್ದಿರಿ. ಕಡೆಯ ಪಾಲು ಅಂಬರೀಶಪ್ಪನವರ ತೋಳು ಸೇರಿತ್ತು, ಅವರ ಕೆಮ್ಮು ಕೂಡಲೇ ವಾಸಿಯಾಗಿತ್ತು. ಅತ್ತೆ ಯಾರನ್ನೂ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ದಮ್ಮು ಹದಕ್ಕೆ ಬರುವವರೆಗೆ ಕಾದು, ನನ್ನ ಕೈ ಹಿಡಿದು ಮನೆಗೆ ನಡೆದರು. ಅವರು ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆದ್ದರಿಂದ ಕೆಲವು ಅರಿಕೆಗಳು. ತಾವು ಇನ್ನು ಮುಂದೆ ಕೆಮ್ಮಿನ ವಯಸ್ಸು ಕೇಳಿ, ಹಳೆಯದಕ್ಕೆ ಮೊದಲು ಒಲಿಯಬೇಕು. ನಮ್ಮೂರ ಮುದುಕಿಯರ ಪೂಜೆಯ ಹೊತ್ತು ತಿಳಿದುಕೊಂಡು ದಯಮಾಡಿಸಬೇಕು. ಇದಾವುದೂ ಆಗದಿದ್ದರೆ ನನ್ನ ಅತ್ತೆಯೊಬ್ಬರನ್ನೇ ಹತ್ತು ಮಂದಿಯೆಂದು ಲೆಕ್ಕ ಹಿಡಿಯಬೇಕು. ನನ್ನ ಅಡುಗೆಗೆ ಉಪ್ಪು ಸಾಲದೆಂದು ಹೇಳುವಾಗ ಅವರು ಅಷ್ಟು ಮಂದಿಗೆ ಸಮ ಎಂಬುದಕ್ಕೆ ನಾನೇ ಸಾಕ್ಷಿ.

ಇಷ್ಟಾದರೂ ತಮ್ಮ ಮೇಲೆ ಭರವಸೆ ಬಿಡದ,
ತಮ್ಮ ವಿಶ್ವಾಸಿ,
ಶಿವಗಂಗಾ, ಕಲ್ಲೂರು

ತಾ.ಕ.: ತಮ್ಮ ತಮ್ಮನೊಬ್ಬ ನಿನ್ನೆ ಐಸ್ ಡಬ್ಬಿಯಲ್ಲಿ ಬಂದಿಳಿದಿದ್ದಾನೆ, ಅವನಿಗೂ ಹತ್ತು ಮಂದಿ ಬೇಕಂತೆ. ಲಸಿಕೆ ಬಂದಿದೆ ಎಂದು ಗೊತ್ತಾದ ಕೂಡಲೇ ಊರು ಮತ್ತೆ “ನೋಡೂಣು” ಎನ್ನತೊಡಗಿದೆ. ಹೀಗಾಗಿ ಈ ದಿನ ಬೆಳಕು ಹರಿಯುವ ಮೊದಲೇ ಅತ್ತೆಯನ್ನು ಕೇಂದ್ರದ ಕಟ್ಟೆಗೆ ಕರೆತಂದಿದ್ದೇನೆ. ಚಾಪೆ ಹಾಸಿ, ಪೂಜೆಯನ್ನು ಅಲ್ಲಿಯೇ ಮುಗಿಸಿ, ಸೂಫಿಯಾ ಕೊಟ್ಟ ಚಹಾ ಕುಡಿದು, ಬಾಗಿಲಿಗೆ ಬೆನ್ನು ಕೊಟ್ಟು, ಕುಪ್ಪಸದ ತೋಳು ಮೇಲೇರಿಸಿ ಕೂತಿದ್ದಾರೆ. ಇನ್ನು ಏಳುವುದಿಲ್ಲವಂತೆ. ಲಸಿಕೆ ಮುಗಿದಿದೆ ಎಂದು ಪಿಸುಗುಟ್ಟಲು ಕೊಟ್ರೇಶನನ್ನು ಈಗಷ್ಟೇ ಹೋಟೆಲಿಗೆ ಕಳಿಸಿದ್ದೇನೆ.