ಹೆಸರು ಕೇಳದೆ ಹಾಲು ಕುಡಿಯದ ಅಣ್ಣ

ನಮ್ಮಣ್ಣನಿಗೆ ಹಾಲು ಕೊಡುವ ಮೊದಲು ಎಮ್ಮೆಯ ಹೆಸರು ಹೇಳಬೇಕು! ನಗಬೇಡಿ. ಹುಮನಾಬಾದಿನಿಂದ ಬಸವಕಲ್ಯಾಣದ ನಮ್ಮ ಮನೆಗೆ ಬಂದಾಗಲೆಲ್ಲ ಲೋಟ ಹಿಡಿದು ಕೇಳುವನು, “ತಂಗೀ, ಯಾರ ಹಾಲಿದು?”

“ಗೌಳಿ ಕೊಟ್ಟಾನಣ್ಣಾ.”

“ಗೌಳಿ ಹಾಲು ಹಿಂಡಸ್ಕೋತಾನೇನ? ಎಮ್ಮಿ ಹೆಸರ ಹೇಳು.”

ಒಮ್ಮೆ ಬೇಸತ್ತು “ಗಂಗಿ” ಅಂದುಬಿಟ್ಟೆ. “ಗಂಗವ್ವಾ, ಶರಣು” ಎಂದು ಕೈಮುಗಿದು ಕುಡಿದ. ಸುಳ್ಳಾಡಿದ ತಪ್ಪಿಗೆ ಅಂದು ಪೂಜೆಯಲ್ಲಿ ಕೆನ್ನೆ ಬಡಿದುಕೊಂಡೆ.

ಎರಡು ಸಾವಿರದ ಇಸವಿಯ ಆಚೀಚೆ ಅವನ ಹೃದಯದ ಕವಾಟ ಕೆಟ್ಟಿತು. ನಾಲ್ಕು ಮೆಟ್ಟಿಲಿಗೆ ಏದುಸಿರು. ಹೈದರಾಬಾದಿನಲ್ಲಿ ಸಿಕ್ಕ ಡಾಕ್ಟರು ನಮ್ಮ ಕಡೆಯವರೇ; ಸಣ್ಣ ಪುಣ್ಯವೇನು! ಲೋಹದ ಕವಾಟ ಹಾಕಿದರೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಗುಳಿಗೆ. ಹೊಟ್ಟೆಹುಣ್ಣಿನ ಅಣ್ಣನಿಗೆ ಅದಾಗದು, ಒಳಗೇ ರಕ್ತ ಸೋರೀತು. “ಹಂದೀ ಕವಾಟ ಹಾಕಬೇಕ್ರಿ. ತಡ ಮಾಡಿದ್ರ ಉಳಿಯೂದು ಕಷ್ಟ” ಅಂದರು.

ಅಣ್ಣನ ಕೈ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. “ಇದರ ಬೆನ್ನಿಗೆ ಹಂದಿನಾ?”

“ಔಷಧದಾಗ ಹದ ಮಾಡಿದ್ದರಿ, ಜೀವ ಇರಂಗಿಲ್ಲ. ಮೈ ಜಗಳ ತೆಗಿಯಂಗಿಲ್ಲ. ಹಂದೀ ಜೀವಂತ ಹೃದಯಾನ ಇಟ್ರ ಮೈ ಅದನ್ನ ಗಳಿಗಿಯೊಳಗ ಕೊಲ್ತದ. ಅದಕ್ಕಂತ ಪರದೇಶದಾಗ ಹಂದಿ ವಂಶವಾಹಿನೇ ತಿದ್ದಾಕತ್ತಾರ. ಇನ್ನೂ ಗೆದ್ದಿಲ್ಲ.”

“ಒಪ್ಪಲಾರದಾಂವ ಮನುಷ್ಯಾ, ತಿದ್ಕೋಬೇಕಾದದ್ದು ಹಂದಿ! ಛಲೋ ನ್ಯಾಯ ಬಿಡ್ರಿ.” ಆಮೇಲೆ ಕೇಳಿದ, “ಅದರ ಹೆಸರೇನ್ರಿ?”

“ಹೆಸರಿಲ್ರಿ. ಡಬ್ಬಿ ಮ್ಯಾಲ ನಂಬರ್ ಅದ.”

“ಹೆಸರಿಲ್ಲದ್ದು ನಾ ತಗೊಳ್ಳಂಗಿಲ್ಲ.” ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.

ನನ್ನ ಜೀವವೇ ಹಾರಿತು. ಡಾಕ್ಟರು ಹೊರಗೆ ಹೋದ ಮೇಲೆ ಮಂಚದ ಹತ್ತಿರ ಕುಳಿತೆ. “ಅಣ್ಣಾ, ಗಂಗಿ ಅಂದಿದ್ದು ಸುಳ್ಳು. ಆ ಎಮ್ಮಿ ಹೆಸರು ನಂಗ ಗೊತ್ತೇ ಇರಲಿಲ್ಲ. ಆ ಹಾಲು ನಿನ್ನ ಮೈಗೆ ಹತ್ತಲಿಲ್ಲೇನ?”

ಗೋಡೆಯ ಕಡೆ ಮುಖವಿಟ್ಟೇ ಅಂದ, “ಅವತ್ತೇ ಗೊತ್ತಿತ್ತು. ಸುಳ್ಳು ಹೇಳೂವಾಗ ನೀ ಸೆರಗು ತಿರುವ್ತಿ.”

“ಮತ್ಯಾಕ ಕುಡದಿ?”

“ಹಾಲು ಕೊಟ್ಟದ್ದು ಒಂದ್ ಜೀವ ಇತ್ತಲ್ಲ! ಶರಣು ಅನ್ನಾಕ ಒಂದ್ ಹೆಸರು ಬೇಕಾಗಿತ್ತು, ನೀ ಇಟ್ಟಿ.” ನನ್ನ ಕಡೆ ಹೊರಳಿದ. “ಇದಕ್ಕೂ ಒಂದ್ ಇಡು. ಸೆರಗು ಬಿಟ್ಟು ಹೇಳು.”

ಸೆರಗು ಬಿಟ್ಟೆ. “ನೀಲವ್ವ” ಅಂದೆ.

ಆ ಕವಾಟ ಹಾಕಿಸಿ ಎಂಟು ವರ್ಷವಾಯಿತು. ದಿನಾ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವ ಮುಂಚೆ ಅಣ್ಣ ಎದೆ ಮುಟ್ಟಿ “ನೀಲವ್ವಾ, ಶರಣು” ಅನ್ನುತ್ತಾನೆ. ಇಂಥ ಕವಾಟ ಹತ್ತು-ಹದಿನೈದು ವರ್ಷಕ್ಕೆ ಸವೆಯುತ್ತದಂತೆ; ನಾನು ಒಂದೊಂದು ದಿನವನ್ನೂ ಎಣಿಸಿಕೊಳ್ಳುತ್ತೇನೆ.

ನಿನ್ನೆ ನಮ್ಮ ಮೋರಿಗೆ ಹಂದಿಯೊಂದು ಮರಿಗಳ ಜೊತೆ ಬಂತು. ಅಭ್ಯಾಸಬಲದಿಂದ ಕೋಲು ಎತ್ತಿದೆ. ಆಮೇಲೆ ಕೆಳಗಿಟ್ಟು, ಒಳಗಿಂದ ರೊಟ್ಟಿ ತಂದು ಹಾಕಿ, ಹೆಸರು ಹುಡುಕುತ್ತ ನಿಂತೆ.