ಮಾವನವರ ಕೋಳಿಗಳ ಹೊಟ್ಟೆ

ನನ್ನ ಗಂಡನ ತಂದೆ, ಅಂದರೆ ನಮ್ಮ ಮಾವನವರಿಗೆ, ಮನುಷ್ಯರ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಕೋಳಿಯ ಹಿಕ್ಕೆ ನೋಡಿದರೋ, ಮನೆಯ ಸಮಾಚಾರವನ್ನೆಲ್ಲ ಹೇಳಿಬಿಡುತ್ತಿದ್ದರು! ತಿಕೋಟಾದ ಮನೆಯ ಹಿತ್ತಿಲಲ್ಲಿ, ಬೆಳಗಿನ ಚಹಾಕ್ಕೂ ಮೊದಲು, ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಡ್ಡಿಯಿಂದ ಕೆದಕುವರು. ಹಿಕ್ಕೆ ನೀರಾಗಿದ್ದರೆ ತನಿಖೆ ಶುರು.

"ನಿನ್ನಿ ಯಾರು ಒದರ್ಯಾಡೀರಿ?"

ಕೋಳಿ ಅಂಜಿದರೆ ಹೊಟ್ಟೆ ಕೆಡುತ್ತದೆ, ಕಾಳು ಮುಟ್ಟುವುದಿಲ್ಲ, ಪಕ್ಕದ ಕೋಳಿಯ ಪುಕ್ಕ ಕೀಳುತ್ತದೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ಬೀಗರು ಬೈಕನ್ನು ಓಣಿಯ ತುದಿಯಲ್ಲೇ ಆರಿಸಿ ತಳ್ಳಿಕೊಂಡು ಬರಬೇಕು. ಕುಕ್ಕರ್ ಸೀಟಿ ಹೊಡೆಯುವಂತಿಲ್ಲ. ಅತ್ತೆ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಬೇಕು. ಬೇಸಿಗೆಯಲ್ಲಿ ಗೂಡಿಗೆ ಹಸಿ ಗೋಣಿಚೀಲ, ಕೋಳಿಗಳಿಗೆ ತೆಳ್ಳನೆಯ ಮಜ್ಜಿಗೆ. ನಮಗೆ?

"ನಿಮಗ ಬಾಯಿ ಐತಿ, ಕೇಳ್ಕೊಂಡು ಕುಡೀರಿ."

ಇಟ್ಟಂಗಿಹಾಳದ ಬೀಗರೊಬ್ಬರು ಗೂಡಿನ ಹತ್ತಿರ ಜೋರಾಗಿ ಸೀನಿದರು. ಮರುದಿನ ಒಂದು ಕೋಳಿ ಮೊಟ್ಟೆ ಇಡಲಿಲ್ಲ. ಮುಂದಿನ ಸಲ ಅವರು ಬಂದಾಗ, ಕಾಲಿಗೆ ನೀರು ಕೊಡುವ ಮೊದಲೇ ಮಾವ ಸೀನು ಬಂದರೆ ಮೂಗಿಗೆ ಒತ್ತಿಕೊಳ್ಳಲೆಂದು ಅವರ ಕೈಗೆ ಟವೆಲ್ ಕೊಟ್ಟರು! ಈಗ ಮಾವ ಇಲ್ಲ. ಕುಕ್ಕರ್ ಮನಸ್ಸಿಗೆ ಬಂದಷ್ಟು ಕೂಗುತ್ತದೆ, ಕಿರಿಕಿರಿಯಾಗುವುದು ನನಗೇ.

ವಿಜಯಪುರದ ಜಲನಗರದಲ್ಲಿ ಬೆಳೆದ ನಾನು ಸೊಸೆಯಾಗಿ ಬಂದಾಗ, ಓಣಿಯ ಹೆಂಗಸರೆಲ್ಲ ನನ್ನ ತಾಟಿನ ಸುತ್ತ ಕುಳಿತರು. ಹೊಸ ಸೊಸೆ ಎಷ್ಟು ರೊಟ್ಟಿ ತಿನ್ನುತ್ತಾಳೆಂದು ನೋಡಬೇಕಲ್ಲ! ತುತ್ತು ಗಂಟಲಲ್ಲೇ ನಿಂತಿತು, ಹೊಟ್ಟೆ ಕೆಟ್ಟಿತು. ಮರುದಿನವೂ ಅದೇ.

"ಮೊದಲಿಂದ ರೋಗ ಇರಬೇಕು, ಮುಚ್ಚಿಟ್ಟು ಕೊಟ್ಟಾರ" ಎಂದು ಯಾರೋ ಪಿಸುಗುಟ್ಟಿದರು. ಈ ಮಾತು ಅಪ್ಪನ ಕಿವಿಗೆ ಬಿದ್ದರೆ ಗತಿಯೇನೆಂದು ನನಗೆ ಅಳು ಬಂತು.

ಮಾವ ಹಿತ್ತಿಲಿಂದ ಎದ್ದು ಬಂದರು.

"ರೋಗ ಏನೂ ಇಲ್ಲ. ಹೊಸಾ ಕೋಳಿ ತಂದರ ಬುಟ್ಟಿ ಮುಚ್ಚಿ ಅದರ ಪಾಡಿಗೆ ಬಿಡ್ತೇವಿ. ಸುತ್ತ ಕುಂತು ನೋಡ್ತೇವೇನು? ಏಳ್ರಿ ಎಲ್ಲಾರೂ."

"ಸೊಸಿ ಅಂದ್ರ ಕೋಳಿ ಏನ್ರಿ?" ಅತ್ತೆ ಗೊಣಗಿದರು.

"ಕೋಳಿಗಿಂತ ಕಡಿಮಿ ಏನ ಆಕಿ?"

ಎಲ್ಲರೂ ಎದ್ದು ಹೋದರು. ಮಾವ ಮಜ್ಜಿಗೆ ಅನ್ನದ ತಾಟು ನನ್ನ ಮುಂದಿಟ್ಟು, ಹೊಸ್ತಿಲ ಮೇಲೆ ನನಗೆ ಬೆನ್ನು ಹಾಕಿ ಕುಳಿತರು.

"ನಾನೂ ನೋಡಂಗಿಲ್ಲವ್ವ. ಉಣ್ಣು."

ಅಳುತ್ತಳುತ್ತಲೇ ತಾಟು ಖಾಲಿ ಮಾಡಿದೆ. ತವರು ಬಿಟ್ಟ ಮೇಲೆ ಮೊದಲ ಸಲ ಹಸಿವು ಅನಿಸಿತ್ತು. ಕೈಬಳೆ ಸಪ್ಪಳ ನಿಂತಾಗಲೂ ಮಾವ ತಿರುಗಲಿಲ್ಲ. ಓಣಿಯನ್ನೇ ನೋಡುತ್ತ ಕೇಳಿದರು:

"ಇನ್ನೊಂದೀಟು ತರ್ಲೇನವ್ವ?"